ಭಾನುವಾರದ ವಾಲಿಬಾಲ್ ಮತ್ತು ಕ್ರೈಸ್ತ ಶಿಕ್ಷಣ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಒಂಬತ್ತನೇ ತರಗತಿಯ ಮಗಳು ಶಾಲೆಯ ವಾಲಿಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾಳೆ, ಅಭ್ಯಾಸ ಇಟ್ಟಿರುವುದು ಭಾನುವಾರ ಬೆಳಿಗ್ಗೆ, ಅದೇ ಹೊತ್ತಿಗೆ ಚರ್ಚಿನಲ್ಲಿ ಕ್ರೈಸ್ತ ಶಿಕ್ಷಣದ ತರಗತಿ, ಹಾಜರಾತಿ ಕಡಿಮೆಯಾದರೆ ಮುಂದಿನ ವರ್ಷ ವಿಶ್ವಾಸದಲ್ಲಿ ದೃಢಪಡಿಸುವ ದೃಢೀಕರಣ (ಕನ್ಫರ್ಮೇಶನ್) ಸಂಸ್ಕಾರಕ್ಕೆ ಹೆಸರು ಸೇರಿಸುವುದಿಲ್ಲವೆಂದು ಅಲ್ಲಿನ ಶಿಕ್ಷಕಿ ಹೇಳಿಕಳುಹಿಸಿದ್ದಾರೆ, ಹಾಗಾಗಿ ಅವಳನ್ನು ತಂಡದಿಂದ ಬಿಡಿಸಿಬಿಡಲೇ ಎಂದು ಕೇಳಿದ್ದೀಯ. ಬಿಡಿಸಬೇಡ. ಧರ್ಮಕೇಂದ್ರದ, ಎಂದರೆ ಊರಿನ ಚರ್ಚಿನ, ತರಗತಿಯಲ್ಲಿ ದೊಡ್ಡ ಮಕ್ಕಳಿಗೆ ಪಾಠ ಹೇಳುವವನೇ ಹೀಗೆ ಬರೆಯುತ್ತಿದ್ದಾನಲ್ಲ ಎಂದು ನಿನಗೆ ಆಶ್ಚರ್ಯವಾದೀತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವು ಚರ್ಚಿನ ಬಲಿಪೂಜೆಯನ್ನೂ (ಮಾಸ್) ತರಗತಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದೇವೆ. ಭಾನುವಾರದ ಪೂಜೆಯಲ್ಲಿ ಭಾಗವಹಿಸುವುದು ಪ್ರತಿಯೊಬ್ಬ ಕಥೋಲಿಕನ ಕರ್ತವ್ಯವೆಂದು 1983ರ ಶ್ರೀಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆಯ 1247ನೇ ವಿಧಿ ಹೇಳುತ್ತದೆ. ಹಿಂದಿನ ದಿನ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಆ ಕರ್ತವ್ಯ ನೆರವೇರುತ್ತದೆಂದು ಅದರ ಮುಂದಿನ ವಿಧಿಯೇ ಅವಕಾಶ ಕೊಟ್ಟಿದೆ. ತರಗತಿಯ ಸಂಗತಿ ಬೇರೆ. ಪ್ರತಿ ಭಾನುವಾರ ಮತ್ತು ಹಬ್ಬದ ದಿನ ಒಂದು ಗಂಟೆ ಕಾಲ ಮಕ್ಕಳಿಗೆ ಧರ್ಮೋಪದೇಶ ಮಾಡಬೇಕೆಂದು ಹತ್ತನೇ ಪಿಯುಸ್ ಜಗದ್ಗುರುಗಳು (ಪೋಪ್) 1905ರಲ್ಲಿ ಎಲ್ಲ ಧರ್ಮಕೇಂದ್ರಗಳ ಗುರುಗಳಿಗೆ (ಪಾದ್ರಿಗಳಿಗೆ) ಕಟ್ಟಪ್ಪಣೆ ಮಾಡಿದ್ದರು. ಜನ ಧರ್ಮದ ಮೂಲಪಾಠವನ್ನೇ ಅರಿಯದೆ ಉಳಿದಿದ್ದಾರೆಂಬ ಕಳವಳ ಅದರ ಹಿಂದಿತ್ತು. ಅವರು ಆರಿಸಿದ ದಿನ ಅಂದಿಗೆ ಸರಿಯಾಗಿತ್ತು, ಏಕೆಂದರೆ ಆಗಿನ ಭಾನುವಾರಕ್ಕೆ ಕೋಚಿಂಗ್ ಕ್ಲಾಸಾಗಲೀ ಅಂತರಶಾಲಾ ಪಂದ್ಯವಾಗಲೀ ಪೈಪೋಟಿಗೆ ನಿಲ್ಲುತ್ತಿರಲಿಲ್ಲ. ಕಲಿಸಲೇಬೇಕೆಂಬ ಆ ಕಳವಳ ಇಂದಿಗೂ ಸಲ್ಲುತ್ತದೆ, ಆದರೆ ಒಂಬತ್ತೂವರೆಗೇ ಕಲಿಸಬೇಕೆಂದು ಯಾವ ಜಗದ್ಗುರುಗಳೂ ಹೇಳಿಲ್ಲ. ಪೂಜೆಯ ವಿಷಯದಲ್ಲಿ ನೀನು ಒಂದಿಂಚೂ ಜಗ್ಗಬಾರದು, ತರಗತಿಯ ಹೊತ್ತನ್ನಾದರೆ ಹಿಂದುಮುಂದು ಮಾಡಿಕೊಳ್ಳಬಹುದು ಎಂಬುದೇ ನನ್ನ ನಿಲುವು.

ಹಾಜರಾತಿಯ ಬೆದರಿಕೆಯ ಬಗ್ಗೆಯೂ ಹೇಳಬೇಕು. ದೃಢೀಕರಣ ಪಡೆಯುವವರು ತಕ್ಕ ಉಪದೇಶ ಪಡೆದಿರಬೇಕು, ಮನಸ್ಸಿನಿಂದ ಸಿದ್ಧರಾಗಿರಬೇಕು, ಜ್ಞಾನಸ್ನಾನದ (ಬ್ಯಾಪ್ಟಿಸಮ್) ವಾಗ್ದಾನಗಳನ್ನು ತಾವೇ ನವೀಕರಿಸಲು ಶಕ್ತರಾಗಿರಬೇಕು ಎಂದಷ್ಟೇ ಸಂಹಿತೆಯ 889ನೇ ವಿಧಿ ಕೇಳುತ್ತದೆ. ಸಕಾಲದಲ್ಲಿ ಕೇಳಿಕೊಂಡು, ಯೋಗ್ಯ ಮನಸ್ಥಿತಿಯಿಂದ ಬಂದವರಿಗೆ ಕಾನೂನಿನ ಅಡ್ಡಿಯಿಲ್ಲದಿದ್ದರೆ ಸಂಸ್ಕಾರವನ್ನು ನಿರಾಕರಿಸಬಾರದೆಂದು 843ನೇ ವಿಧಿ ಗುರುಗಳಿಗೇ ಹೇಳುತ್ತದೆ. ಹಾಜರಿ ಪುಸ್ತಕ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಮೂವತ್ತು ಮಕ್ಕಳಲ್ಲಿ ಯಾರು ಬಂದರು ಯಾರು ಬಿಟ್ಟರು ಎಂಬುದೇ ತಿಳಿಯದು. ಆದರೆ ಸಂಸ್ಕಾರವನ್ನು ಹಾಲ್ ಟಿಕೆಟ್ಟಿನಂತೆ ತೋರಿಸಿ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದರೆ, ದೃಢೀಕರಣದ ಮರುವಾರವೇ ಆ ಬೆಂಚು ಖಾಲಿಯಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಪಾಠಪುಸ್ತಕವನ್ನು ಯಾರು ತೆರೆಯುತ್ತಾರೆ, ಹೇಳು? ಹಾಗೆಂದು ನಿನ್ನ ಊರಿನ ಶಿಕ್ಷಕಿಯ ಮೇಲೆ ಕೋಪ ಮಾಡಿಕೊಳ್ಳಬೇಡ. ವಾರವಿಡೀ ದುಡಿದು, ಸಂಬಳವಿಲ್ಲದೆ, ತನ್ನ ಮನೆಯ ಭಾನುವಾರವನ್ನು ಬಿಟ್ಟು ಬಂದು ನಿಲ್ಲುವ ಆಕೆಗೆ ಮಕ್ಕಳನ್ನು ಹಿಡಿದಿಡಲು ಆ ಹಾಜರಿ ಪುಸ್ತಕವೊಂದೇ ಕೈಗೆ ಸಿಕ್ಕಿರುತ್ತದೆ. ಹೀಗೆ ಕ್ರೈಸ್ತ ಶಿಕ್ಷಣ ಕಲಿಸುವ ಉಪದೇಶಕರ ಕೆಲಸವನ್ನು ಶ್ರೀಸಭೆಯ ವಿಧ್ಯುಕ್ತ ಸೇವೆಯೆಂದು ಫ್ರಾನ್ಸಿಸ್ ಜಗದ್ಗುರುಗಳು 2021ರಲ್ಲಿ ಸ್ಥಾಪಿಸಿದರು. ಆ ಗೌರವ ನಮ್ಮ ಹಳ್ಳಿಯ ಚರ್ಚುಗಳ ಸಭಾಂಗಣದವರೆಗೆ ಇನ್ನೂ ನಡೆದು ಬರಬೇಕಾಗಿದೆ.

ಇಲ್ಲಿ ಕರಾವಳಿಯಲ್ಲಿ ನನ್ನ ತರಗತಿ ಹೇಗಿರುತ್ತದೆಂದು ನೀನು ನೋಡಬೇಕು. ಪೂಜೆ ಮುಗಿದು ಸಭಾಂಗಣಕ್ಕೆ ಬರುವಷ್ಟರಲ್ಲಿ ಅರ್ಧದಷ್ಟು ಮಕ್ಕಳ ಬೆನ್ನಿಗೆ ಟ್ಯೂಷನ್ ಚೀಲ ಏರಿರುತ್ತದೆ, ಇಬ್ಬರು ಹುಡುಗರು ಎನ್‌ಸಿಸಿ ಸಮವಸ್ತ್ರದಲ್ಲೇ ಇರುತ್ತಾರೆ, ಕಿಟಕಿಯಾಚೆ ಒಬ್ಬ ತಾಯಿ ಸ್ಕೂಟರಿನ ಇಂಜಿನ್ ಆರಿಸದೆ ಕಾಯುತ್ತಿರುತ್ತಾರೆ. ಪ್ರಾರ್ಥನೆಯ ಬಗ್ಗೆ ಹೇಳುತ್ತಿದ್ದಾಗ ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು, "ಸರ್, ಪ್ರಾರ್ಥನೆ ಮಾಡಿದವರಿಗೂ ಮಾಡದವರಿಗೂ ಗಣಿತದಲ್ಲಿ ಓದಿದಷ್ಟೇ ಅಂಕ ಬರುವುದಲ್ಲವಾ?" ಎಂದು ಕೇಳಿದ. ಅದಕ್ಕೆ ಉತ್ತರ ಕೊಡಲು ಒಂದು ಗಂಟೆ ಬೇಕು, ನನಗೆ ಉಳಿದದ್ದು ಹತ್ತು ನಿಮಿಷ. ಅಂಥ ಪ್ರಶ್ನೆ ಇಟ್ಟುಕೊಂಡ ಹುಡುಗ ತರಗತಿಗೆ ಬಂದದ್ದೇ ನನ್ನ ಪುಣ್ಯವೆಂದುಕೊಂಡು, ಹತ್ತನೆಯವರಿಗೆ ಶನಿವಾರ ಸಂಜೆ, ಪೂಜೆಗೆ ಮೊದಲು ಕೂರೋಣವೆಂದು ಗುರುಗಳ ಒಪ್ಪಿಗೆ ಪಡೆದೆವು. ಎಲ್ಲ ಸರಿಹೋಯಿತೆಂದು ತಿಳಿಯಬೇಡ. ಶನಿವಾರ ತಾಲೂಕು ಮಟ್ಟದ ಪಂದ್ಯಗಳಿರುತ್ತವೆ, ಪ್ರತಿಭಾ ಕಾರಂಜಿಯ ಕಾಲದಲ್ಲಿ ನೃತ್ಯದ ತಾಲೀಮು ಇರುತ್ತದೆ, ಜುಲೈ ತಿಂಗಳ ಮಳೆಯಲ್ಲಿ ಬಸ್ಸೇ ಬರುವುದಿಲ್ಲ. ಆದರೂ ಬಂದವರು ಗಡಿಯಾರ ನೋಡದೆ ಕೂರುತ್ತಾರೆ. ನನಗೆ ಅಷ್ಟು ಸಾಕು.

ಆಟಕ್ಕೂ ಟ್ಯೂಷನ್ನಿಗೂ ನಾನು ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಪಂದ್ಯಾವಳಿಗೆ ಒಂದು ಋತುವಿದೆ. ಅದು ಮುಗಿದ ಮೇಲೆ ಮಗಳು ಮರಳಿ ಬರುತ್ತಾಳೆ, ಬಂದಾಗ ಸೋಲೆಂದರೇನು, ತಂಡದ ಮಾತಿಗೆ ಕಟ್ಟುಬೀಳುವುದೆಂದರೇನು ಎಂಬುದನ್ನೂ ಕಲಿತು ಬಂದಿರುತ್ತಾಳೆ. ಕೋಚಿಂಗ್ ಹಾಗಲ್ಲ. ಎಂಟನೇ ತರಗತಿಯಲ್ಲೇ ಫೌಂಡೇಶನ್ ಕೋರ್ಸೆಂದು ಆರಂಭವಾಗಿ, ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ, ನೀಟ್ ಎಂದು ಬೆಳೆಯುತ್ತಲೇ ಹೋಗುವ ಅದಕ್ಕೆ ಕೊನೆಯೆಂಬುದಿಲ್ಲ. (ನೀಟ್ ಪರೀಕ್ಷೆ ನಡೆಯುವುದೂ ಭಾನುವಾರವೇ, ಆ ಮಾತು ಬಿಡು.) ಟ್ಯೂಷನ್ನಿನ ಮೇಷ್ಟ್ರಿಗೆ ಬ್ಯಾಚ್ ಬದಲಿಸಿ ಕೊಡಿ ಎಂದರೆ ಬದಲಿಸಿ ಕೊಡುತ್ತಾರೆ, ಆದರೆ ಹಾಗೆ ಕೇಳುವ ತಂದೆತಾಯಿಯರೇ ಕಡಿಮೆ. ಚರ್ಚಿನ ಗುರುಗಳ ಮುಂದೆ ವಾದಿಸುವಷ್ಟು ಧೈರ್ಯ ಕೋಚಿಂಗ್ ಕೇಂದ್ರದ ಕೌಂಟರಿನ ಮುಂದೆ ನಮಗೆ ಏಕೆ ಬರುವುದಿಲ್ಲವೋ ಕಾಣೆ.

ಇದಕ್ಕಿಂತ ನನ್ನನ್ನು ಚುಚ್ಚುವ ಇನ್ನೊಂದು ಸಂಗತಿಯಿದೆ. ಸಂವಿಧಾನದ 28ನೇ ವಿಧಿಯಂತೆ ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಅದು ಸರಿಯೇ; ಅಲ್ಲಿ ಓದುವ ನಮ್ಮ ಮಕ್ಕಳಿಗೆ ಚರ್ಚಿನ ತರಗತಿಯೊಂದೇ ಆಸರೆ. ಆದರೆ ಭಾನುವಾರ ಬೆಳಿಗ್ಗೆ ವಿಶೇಷ ತರಗತಿ, ವಾರ್ಷಿಕೋತ್ಸವದ ತಾಲೀಮು, ಬ್ಯಾಂಡ್ ಅಭ್ಯಾಸ ಇಡುವ ಶಾಲೆಗಳಲ್ಲಿ ನಮ್ಮ ಶ್ರೀಸಭೆಯದೇ ಶಾಲೆಗಳೂ ಸೇರಿವೆ. ಒಂದೇ ಕಾಂಪೌಂಡಿನೊಳಗೆ ಆಚೆ ಬದಿಯಲ್ಲಿ ಗುರುಗಳು ಮಕ್ಕಳೇಕೆ ಬರಲಿಲ್ಲವೆಂದು ಕೇಳುತ್ತಿರುತ್ತಾರೆ, ಈಚೆ ಬದಿಯ ಮೈದಾನದಲ್ಲಿ ಶಿಳ್ಳೆ ಊದುತ್ತಿರುತ್ತದೆ. ನಿನ್ನ ಮಗಳ ಶಾಲೆಯೂ ಸಿಸ್ಟರುಗಳದ್ದೇ ಎಂದು ಬರೆದಿದ್ದೀಯ. ಹಾಗಿದ್ದ ಮೇಲೆ ನಾಲ್ಕಾರು ಪೋಷಕರು ಸೇರಿ, ಧರ್ಮಕೇಂದ್ರದ ಗುರುಗಳ ಸಹಿಯನ್ನೂ ಹಾಕಿಸಿ, ಅಭ್ಯಾಸವನ್ನು ಹತ್ತೂವರೆಯ ನಂತರ ಇಡಬೇಕೆಂದು ಮುಖ್ಯೋಪಾಧ್ಯಾಯಿನಿಗೆ ವಿನಯದಿಂದ ಒಂದು ಮನವಿ ಕೊಡಿ. ಮಗಳ ಕೈಯಲ್ಲಿ ಚೀಟಿ ಕಳುಹಿಸಬೇಡ. ದೊಡ್ಡವರು ತೀರ್ಮಾನಿಸಬೇಕಾದದ್ದನ್ನು ಪ್ರತಿ ವಾರ ಆ ಹುಡುಗಿಯ ತಲೆಯ ಮೇಲೆ ಹೊರಿಸಿದರೆ, ಕೋಚ್ ಬೈದಾಗ ಅವಳಿಗೆ ದೇವರ ಮೇಲೆ ಸಿಟ್ಟು ಬರುತ್ತದೆ, ಶಿಕ್ಷಕಿ ಬೈದಾಗ ಆಟದ ಮೇಲೆ ಬೇಸರ ಬರುತ್ತದೆ.

ತಪ್ಪಿದ ಪಾಠಗಳನ್ನು ತುಂಬಿಕೊಡುವುದು ಯಾರ ಹೊಣೆ ಎಂದೂ ನೀನು ಕೇಳಿದ್ದೀಯ. ನಿನ್ನದೇ, ಮಾರಾಯ. ಮಕ್ಕಳನ್ನು ಮಾತಿನಿಂದಲೂ ನಡತೆಯಿಂದಲೂ ವಿಶ್ವಾಸದಲ್ಲಿ ರೂಪಿಸುವ ಕರ್ತವ್ಯ ಇತರರಿಗಿಂತ ಮೊದಲು ತಂದೆತಾಯಿಯರದೆಂದು ಶ್ರೀಸಭೆಯ ಸಂಹಿತೆಯ 774ನೇ ವಿಧಿ ಹೇಳುತ್ತದೆ. ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ತನ್ನ ಶಿಕ್ಷಣ ಘೋಷಣೆಯಲ್ಲಿ ತಂದೆತಾಯಿಯರೇ ಮಕ್ಕಳ ಮೊದಲ ಮತ್ತು ಪ್ರಧಾನ ಶಿಕ್ಷಕರೆಂದು ಬರೆದಿದೆ. ವಾರಕ್ಕೊಂದು ರಾತ್ರಿ ಊಟವಾದ ಮೇಲೆ ಅವಳ ಪುಸ್ತಕದ ಒಂದು ಪಾಠವನ್ನು ನೀವು ಮೂವರೂ ಓದಿ. ನಿನಗೆ ತಿಳಿಯದ್ದನ್ನು ಅವಳೆದುರೇ ಗುರುತು ಹಾಕಿಟ್ಟು ಗುರುಗಳನ್ನು ಕೇಳು. ಬೆಂಗಳೂರಿನ ನಿಮ್ಮ ಚರ್ಚಿನಲ್ಲಿ ತರಗತಿ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಮನೆಮಾತಿನಲ್ಲಿ ಆ ವಿಷಯವನ್ನು ಅವಳು ಕೇಳುವುದು ಬಹುಶಃ ಅದೊಂದೇ ಸಲ.

ಇನ್ನೊಂದು ಸಂಗತಿಯನ್ನು ಗುರುಗಳಿಗೆ ಸೂಚಿಸು. ಮಾತೆ ಮರಿಯಳ ಜನ್ಮದಿನವಾದ ಮೊಂತಿ ಹಬ್ಬಕ್ಕೆ ಮೊದಲು, ಆಗಸ್ಟ್ 30ರಿಂದ ಒಂಬತ್ತು ದಿನ, ಇಲ್ಲಿ ಹಾಜರಿ ಕರೆಯುವವರಿಲ್ಲದಿದ್ದರೂ ಮಕ್ಕಳು ಬುಟ್ಟಿ ತುಂಬ ಹೂ ಹಿಡಿದು ಬರುತ್ತಾರೆ, ದೊಡ್ಡ ಹುಡುಗಿಯರೇ ಚಿಕ್ಕವರನ್ನು ಸಾಲಾಗಿ ನಿಲ್ಲಿಸುತ್ತಾರೆ. ಹದಿಹರೆಯದವರು ಕೇಳುಗರಾಗಿ ಬರಲು ಹಿಂಜರಿದರೂ ಕೆಲಸಕ್ಕೆ ಬರುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಸಂತ ಪದವಿಗೇರಿದ ಇಟಲಿಯ ಹುಡುಗ ಕಾರ್ಲೊ ಅಕುತಿಸ್‌ನ ಚಿತ್ರವನ್ನು ಈಗ ತರಗತಿಯ ಗೋಡೆಗಳಿಗೆ ಅಂಟಿಸುತ್ತೇವೆ, ಅವನ ಕಂಪ್ಯೂಟರ್ ಜ್ಞಾನವನ್ನು ಹೊಗಳುತ್ತೇವೆ. ಹದಿನೈದಕ್ಕೆ ತೀರಿಕೊಂಡ ಆ ಹುಡುಗ ತನ್ನ ಧರ್ಮಕೇಂದ್ರದಲ್ಲಿ ಚಿಕ್ಕವರಿಗೆ ಪಾಠವನ್ನೂ ಹೇಳುತ್ತಿದ್ದನೆಂಬುದನ್ನು ಹೇಳುವವರು ಕಡಿಮೆ. ಪಂದ್ಯಗಳು ಮುಗಿದ ಮೇಲೆ ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸಲು ಸಿದ್ಧವಾಗುವ ಪ್ರಥಮ ಪರಮಪ್ರಸಾದದ ಮಕ್ಕಳ ತರಗತಿಯಲ್ಲಿ ನಿನ್ನ ಮಗಳು ನೆರವಾಗಬಹುದೇ ಎಂದು ಕೇಳು. ಕಲಿಸಬೇಕಾದವಳು ತಾನಾಗಿ ಓದಿಕೊಳ್ಳುತ್ತಾಳೆ.

ಗುರುಗಳನ್ನು ಕಾಣಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು, ಪಂದ್ಯಗಳ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದಿರು, ಯಾವ ತಿಂಗಳಿನಿಂದ ಅವಳು ತಪ್ಪದೆ ಬರುತ್ತಾಳೆಂಬುದನ್ನು ಅವಳ ಬಾಯಿಂದಲೇ ಹೇಳಿಸು. ಅವರು ಶನಿವಾರದ ತರಗತಿಗೆ ಒಪ್ಪಿದರೆ ನನಗೆ ತಿಳಿಸು. ನಾವು ಇಲ್ಲಿ ಹತ್ತನೆಯವರಿಗಾಗಿ ಮಾಡಿಕೊಂಡ ಪಾಠಗಳ ಪಟ್ಟಿಯನ್ನು ಕಳುಹಿಸಿಕೊಡುತ್ತೇನೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ, ಮಗಳಿಗೆ ಆಶೀರ್ವಾದ.

ಇಂತಿ ನಿನ್ನ ಪ್ರೀತಿಯ ಗೆಳೆಯ