ಕೆಜಿಎಫ್‌ನವರು ಯಾರ ದಾರಿಯನ್ನೂ ಕಾಯುತ್ತಿರಲಿಲ್ಲ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಹೊಡೆದಾಟದ ಸುದ್ದಿಯೊಂದಕ್ಕೆ ‘ಕೆಜಿಎಫ್ ಸ್ಟೈಲ್‌ನಲ್ಲಿ ಹಲ್ಲೆ’ ಎಂಬ ತಲೆಬರಹ ಇತ್ತು. ಗಲಾಟೆ ನಡೆದದ್ದು ಬೇರೆ ಜಿಲ್ಲೆಯಲ್ಲಿ. ಹೊಡೆದವರಿಗೂ ಚಿನ್ನದ ಗಣಿಯ ಊರಾದ ನಮ್ಮ ಕೆಜಿಎಫ್‌ಗೂ (ಕೋಲಾರ ಗೋಲ್ಡ್ ಫೀಲ್ಡ್ಸ್) ಯಾವ ಸಂಬಂಧವೂ ಇಲ್ಲ. ಒಬ್ಬನ ಕೈಯಲ್ಲಿ ಸಿನಿಮಾ ಹೀರೋ ಥರ ಸುತ್ತಿಗೆ ಇತ್ತಂತೆ, ಅಷ್ಟೇ. ಇಷ್ಟಕ್ಕೆಲ್ಲ ಪತ್ರ ಬರೆಯಬೇಕಾ ಅಂತ ನಿಮಗೆ ಅನಿಸಬಹುದು. ಬರೆಯಲೇಬೇಕು ಅಂತ ನನಗೆ ಅನಿಸಿತು.

‘ಕೆ.ಜಿ.ಎಫ್’ ಸಿನಿಮಾದ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂತು, ಎರಡನೆಯದು 2022ರ ಏಪ್ರಿಲ್‌ನಲ್ಲಿ. ಎರಡನ್ನೂ ನೋಡಿದ್ದೇನೆ. ಶಿಳ್ಳೆ ಹೊಡೆಯುವವರ ಮಧ್ಯೆ ಕೂತು ನೋಡುವ ಮಜಾನೇ ಬೇರೆ. ಕನ್ನಡದ ಸಿನಿಮಾ ದೇಶದ ತುಂಬಾ ಓಡಿತು ಅನ್ನುವ ಖುಷಿಯೂ ಇದೆ. ಕಥೆ ಕಾಲ್ಪನಿಕ. ಅದರೊಳಗಿನ ಗಣಿಯ ಹೆಸರು ನರಾಚಿ. ಆದರೆ ಪೋಸ್ಟರ್ ಮೇಲಿದ್ದ ಹೆಸರು ನಮ್ಮೂರಿನದು. ಜನರ ತಲೆಯಲ್ಲಿ ಉಳಿದದ್ದೂ ಅದೇ.

ನಾನು ಮಾರಿಕುಪ್ಪಂ ರೈಲು ಹಿಡಿದು ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವಳು. ಆಫೀಸಿಗೆ ಹೊಸಬರು ಯಾರೇ ಬರಲಿ, ಅದೇ ತಮಾಷೆ: ‘ಓ, ನಿಮ್ಮೂರಲ್ಲಿ ಗನ್ ಹಿಡ್ಕೊಂಡೇ ಓಡಾಡ್ತಾರಾ ಮೇಡಂ?’ ಇದಕ್ಕೆ ನಕ್ಕು ಸುಮ್ಮನಾಗುತ್ತೇನೆ. ಇನ್ನೊಂದು ಪ್ರಶ್ನೆಗೆ ಮಾತ್ರ ನಗು ಬರುವುದಿಲ್ಲ. ‘ನಿಮ್ಮ ತಂದೆಯವರನ್ನೂ ಹಂಗೇ ಗುಲಾಮರ ಥರ ಇಟ್ಕೊಂಡಿದ್ರಾ?’ ಪಾಪ, ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಮರುಕದಿಂದಲೇ ಕೇಳುತ್ತಾರೆ.

ಗಡ್ಡ, ಸಿಗರೇಟು, ಬಂದೂಕಿನಿಂದ ಹುಡುಗರು ಹಾಳಾಗುತ್ತಾರೆ ಅಂತ ನಿಮ್ಮ ಪತ್ರಗಳ ವಿಭಾಗದಲ್ಲೇ ಎಷ್ಟೋ ಜನ ಬರೆದಿದ್ದಾರೆ. ನನಗೆ ಅದಕ್ಕಿಂತ ಜಾಸ್ತಿ ಚುಚ್ಚುವುದು ಈ ಮರುಕ. ತೆರೆಯ ಮೇಲಿನ ಕಾರ್ಮಿಕರನ್ನು ನೋಡಿ. ಹೆಚ್ಚಿನವರಿಗೆ ಹೆಸರೇ ಇಲ್ಲ. ಮಸಿ ಮೆತ್ತಿದ ಮುಖ, ಹರಕು ಬಟ್ಟೆ. ಯಾರೋ ಒಬ್ಬ ಬಂದು ಬಿಡಿಸಲಿ ಅಂತ ಕಾಯುವುದೇ ಅವರ ಪಾತ್ರ. ಈ ಒಂದು ಸಿನಿಮಾವನ್ನೇ ದೂರುವುದು ಸರಿಯಲ್ಲ. ನಮ್ಮ ಮಾಸ್ ಸಿನಿಮಾಗಳಲ್ಲಿ ಕೂಲಿಯವರು, ಕೇರಿಯವರು ಅಂದರೆ ಹೀಗೇ. ಹೀರೋ ದೊಡ್ಡವನಾಗಿ ಕಾಣಬೇಕಾದರೆ ಸುತ್ತ ನಿಂತವರು ಕುಗ್ಗಬೇಕು. ಮತ್ತೆ ಮತ್ತೆ ನೋಡಿದ ಮೇಲೆ ಈ ಜನ ಇರುವುದೇ ಹೀಗೆ ಅನಿಸಿಬಿಡುತ್ತದೆ.

ನಿಜ ಬೇರೆಯೇ ಇದೆ. 1880ರಲ್ಲಿ ಇಲ್ಲಿ ಬ್ರಿಟಿಷರ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, ಆಮೇಲೆ ಕೇಂದ್ರದ ಕೈಗೆ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಂದರೆ ಸಿನಿಮಾದ ಕಥೆ ನಡೆಯುವ ಎಪ್ಪತ್ತು–ಎಂಬತ್ತರ ದಶಕದಲ್ಲಿ ನಮ್ಮಪ್ಪ ಸರ್ಕಾರಿ ಕಂಪನಿಯ ನೌಕರ. ಸಂಬಳದ ಚೀಟಿ ಇತ್ತು, ಪಿ.ಎಫ್. ಇತ್ತು, ಸಂಘಕ್ಕೆ ಚಂದಾ ಕೊಡುತ್ತಿದ್ದರು.

ಹಾಗಂತ ಸುಖವಾಗಿದ್ದರು ಅಂತ ಹೇಳುತ್ತಿಲ್ಲ. ಚಾಂಪಿಯನ್ ರೀಫ್ಸ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ. ಕೆಳಗೆ ಬೆಂಕಿಯಂಥ ಶೆಕೆ. ಬಂಡೆ ಸಿಡಿದು ಸತ್ತವರಿದ್ದಾರೆ. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಹತ್ತಿಸಿಕೊಂಡು, ನಿವೃತ್ತಿಯಾದ ಮೇಲೆ ಉಸಿರಿಗಾಗಿ ಒದ್ದಾಡಿದವರು ನಮ್ಮ ಲೈನ್ ಮನೆಗಳಲ್ಲೇ ಇದ್ದರು. ಶಿವನಸಮುದ್ರದ ಕರೆಂಟ್ 1902ರಲ್ಲಿ, ಬೆಂಗಳೂರಿಗಿಂತ ಮೊದಲೇ ಇಲ್ಲಿಗೆ ಬಂತು ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಬಂದದ್ದು ಗಣಿಯ ಯಂತ್ರಗಳಿಗಾಗಿ.

ಆದರೆ ಈ ಜನ ಸುಮ್ಮನೆ ಕೂತವರಲ್ಲ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಕಂಪನಿ ಹೊರಟಿತು. ನಾವೇನು ಕಳ್ಳರಾ ಅಂತ ಕೇಳಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಆಗ ಮಾನ್ಯತೆ ಪಡೆದ ಸಂಘ ಅಂತ ಒಂದೂ ಇರಲಿಲ್ಲ. ಇವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. ಊರಲ್ಲಿ ಜಮೀನ್ದಾರನ ಮುಂದೆ ತಲೆ ಬಗ್ಗಿಸಿ ಸಾಕಾಗಿ ಬಂದವರು. ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಲ್ಲಿತ್ತು. ಇಂಥವರ ಮೊಮ್ಮಕ್ಕಳನ್ನು ‘ಪಾಪ, ಗುಲಾಮರ ವಂಶ’ ಅನ್ನುವಂತೆ ನೋಡಿದರೆ ಕೋಪ ಬರಲ್ವಾ? ಅಂದ ಹಾಗೆ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣಗಳನ್ನು ಮೊದಲ ಬಾರಿ ಪತ್ತೆ ಮಾಡಿದ ಜಾಗಗಳಲ್ಲಿ ಇದೇ ಗಣಿಯೂ ಒಂದು. ಆಫೀಸಿನಲ್ಲಿ ಇದನ್ನು ಹೇಳಿದರೆ ನಾನು ಬುರುಡೆ ಬಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಸಿನಿಮಾದಿಂದ ಬಂದ ಇನ್ನೊಂದು ತಲೆನೋವು ಸಯನೈಡ್ ಗುಡ್ಡಗಳದ್ದು. ಅಲ್ಲಿ ಶೂಟಿಂಗ್ ಆಗಿದೆ ಅಂತ ಭಾನುವಾರ ಬೈಕ್‌ಗಳಲ್ಲಿ ಹುಡುಗರು ಬರುತ್ತಾರೆ. ಮೇಲೆ ಹತ್ತಿ ದೂಳೆಬ್ಬಿಸಿ ರೀಲ್ಸ್ ಮಾಡುತ್ತಾರೆ. ಅದು ಮರಳುಗಾಡಲ್ಲ. ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಸುರಿದ 3 ಕೋಟಿ ಟನ್‌ಗೂ ಜಾಸ್ತಿ ಗಣಿ ತ್ಯಾಜ್ಯ. ಗಾಳಿ ಜೋರಾದರೆ ಆ ದೂಳು ನಮ್ಮ ಅಡುಗೆಮನೆಗೂ ಬರುತ್ತದೆ. ಸಿಗರೇಟು ಸೇದುವ ದೃಶ್ಯ ಬಂದರೆ ತೆರೆಯ ಮೂಲೆಯಲ್ಲಿ ಎಚ್ಚರಿಕೆ ಹಾಕುತ್ತಾರೆ. ಗುಡ್ಡದ ಬುಡದಲ್ಲಿ ದೊಡ್ಡ ಅಕ್ಷರದ ಒಂದು ಬೋರ್ಡ್ ನಿಲ್ಲಿಸಿ, ಬೇಲಿ ಹಾಕಿಸುವುದು ಜಿಲ್ಲಾಡಳಿತಕ್ಕೆ ಕಷ್ಟವಾ?

ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡು. ಹೊಡೆದಾಟ, ಕೊಲೆ ಸುದ್ದಿಗಳ ತಲೆಬರಹಕ್ಕೆ ನಮ್ಮೂರಿನ ಹೆಸರು ಬಳಸಬೇಡಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದರೊಳಗೆ ಇಳಿದು ದುಡಿದವರು ಇನ್ನೂ ನಮ್ಮ ಮಧ್ಯೆ ಇದ್ದಾರೆ, ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಭಾನುವಾರದ ಪುರವಣಿಯಲ್ಲಿ ಅವರ ಮಾತುಗಳನ್ನು ಅವರ ಹೆಸರು, ಫೋಟೊ ಸಮೇತ ಹಾಕಿ. ತಮಿಳಿನಲ್ಲಿ ಮಾತಾಡುವವರೇ ಜಾಸ್ತಿ. ನಿಮ್ಮ ವರದಿಗಾರರು ಬಂದರೆ, ರಜೆ ಹಾಕಿ ಜೊತೆಗೆ ಬಂದು ಕನ್ನಡದಲ್ಲಿ ಹೇಳಿಕೊಡಲು ನಾನು ಸಿದ್ಧ.

ಇಂತಿ,
ಗಣಿ ಕಾರ್ಮಿಕರೊಬ್ಬರ ಮಗಳು
ಆಂಡರ್ಸನ್‌ಪೇಟೆ, ಕೆಜಿಎಫ್, ಕೋಲಾರ ಜಿಲ್ಲೆ