ಬುಡಕಟ್ಟಿನ ಲೆಕ್ಕವಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಆಫ್ರಿಕಾದ ಚುನಾವಣೆಗಳೆಂದರೆ ಬುಡಕಟ್ಟುಗಳ ತಲೆ ಎಣಿಕೆ ಎಂಬ ಸರಳ ವ್ಯಾಖ್ಯಾನಕ್ಕೆ 2022ರ ಆಗಸ್ಟ್‌ನಲ್ಲಿ ನಡೆದ ಕೀನ್ಯಾದ ಅಧ್ಯಕ್ಷೀಯ ಚುನಾವಣೆ ಪೂರ್ತಿ ಒಗ್ಗುವುದಿಲ್ಲ. ವಿಲಿಯಂ ರುಟೊ ಶೇ 50.49, ರೈಲಾ ಒಡಿಂಗಾ ಶೇ 48.85ರಷ್ಟು ಮತ ಪಡೆದರು. ಅಂತರ ಸುಮಾರು 2.33 ಲಕ್ಷ. ವಿಕ್ಟೋರಿಯಾ ಸರೋವರದ ದಡದ ಲುವೊ ಬುಡಕಟ್ಟಿನ ಸೀಮೆ ತನ್ನವರಾದ ಒಡಿಂಗಾ ಅವರನ್ನೂ, ರಿಫ್ಟ್ ಕಣಿವೆಯ ಕಲೆಂಜಿನ್ ಬುಡಕಟ್ಟಿನ ಸೀಮೆ ತನ್ನವರಾದ ರುಟೊ ಅವರನ್ನೂ ಕೈಬಿಡಲಿಲ್ಲ, ನಿಜ. ಆದರೆ ಫಲಿತಾಂಶವನ್ನು ತೀರ್ಮಾನಿಸಿದ್ದು, ಪ್ರಮುಖ ಅಭ್ಯರ್ಥಿಗಳಲ್ಲಿ ತಮ್ಮವರೊಬ್ಬರೂ ಇರದಿದ್ದ ಕಿಕುಯು ಬುಡಕಟ್ಟಿನ ಮತದಾರರು. ಕಿಕುಯು ಬುಡಕಟ್ಟಿನವರೇ ಆದ ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ತಮ್ಮ ಹಳೆಯ ಎದುರಾಳಿ ಒಡಿಂಗಾ ಅವರ ಬೆನ್ನಿಗೆ ನಿಂತರೂ ಕೆನ್ಯಾಟಾ ಅವರ ತವರಾದ ಕಿಯಾಂಬು ಕೌಂಟಿಯೇ (ಕೌಂಟಿ ಎಂದರೆ ಜಿಲ್ಲೆಯಂಥ ಆಡಳಿತ ಘಟಕ) ರುಟೊ ಪರ ವಾಲಿತು. ಒಡಿಂಗಾ ಆರಿಸಿಕೊಂಡಿದ್ದ ಉಪಾಧ್ಯಕ್ಷ ಅಭ್ಯರ್ಥಿ ಮಾರ್ಥಾ ಕರುವಾ ಅವರ ಕಿರಿನ್ಯಾಗದಲ್ಲೂ ಅದೇ ಕಥೆ. ರುಟೊ ಅವರ ಉಪಾಧ್ಯಕ್ಷ ಅಭ್ಯರ್ಥಿ ರಿಗತಿ ಗಚಾಗುವ ಕೂಡ ಕಿಕುಯು ಆಗಿದ್ದರೆಂಬುದನ್ನು ಮರೆಯಲಾಗದು. ಆದರೂ ಒಂಟಿ ಗಾಲಿಯ ಕೈಗಾಡಿಯನ್ನು ಚಿಹ್ನೆಯಾಗಿಸಿಕೊಂಡು, ಬೀದಿಬದಿ ದುಡಿಯುವವರಿಗೂ ರಾಜಕೀಯ ಮನೆತನಗಳಿಗೂ ನಡುವಿನ ಸ್ಪರ್ಧೆಯೆಂದು ರುಟೊ ಹೂಡಿದ ವಾದಕ್ಕೆ ಅಲ್ಲಿ ಕಿವಿಗಳಿದ್ದವು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತಗಳಷ್ಟೇ ಸಾಲದು, 47 ಕೌಂಟಿಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ತಲಾ ಕನಿಷ್ಠ ಶೇ 25 ಮತ ಬೇಕೆನ್ನುವ ಅಲ್ಲಿನ ಸಂವಿಧಾನವೂ ಅಭ್ಯರ್ಥಿಗಳನ್ನು ತವರಿನಾಚೆಗೆ ಅಟ್ಟುತ್ತದೆ.

– ಓದುಗ, ಧಾರವಾಡ