ಖರ್ಜೂರ ಕಳಿಸಿದ ಮಗಳಿಗೆ

ಮಂಡ್ಯ

ಪ್ರೀತಿಯ ಪುಟ್ಟಿ,

ಖರ್ಜೂರದ ಎರಡು ಡಬ್ಬಿಗಳೂ ತಲುಪಿದವು. ಇತ್ತ ನಿನ್ನ ಅಮ್ಮ ನುಗ್ಗೆಸೊಪ್ಪು, ಬೀಟ್‌ರೂಟ್ ಹಿಡಿದು ನನ್ನ ಬೆನ್ನು ಹತ್ತಿದ್ದಾಳೆ. ವರದಿಯಲ್ಲಿ ನಿಮ್ಮಿಬ್ಬರಿಗೂ ಕಂಡದ್ದು ಹಿಮೋಗ್ಲೋಬಿನ್ 9.2 ಎಂಬ ಒಂದೇ ಸಾಲು. ನನಗೆ ಕಬ್ಬಿಣದ ಕೊರತೆಯಿಲ್ಲ. ಮೈಯಲ್ಲಿ ಉರಿಯೂತವಿದ್ದಾಗ ಕಬ್ಬಿಣ ಉಗ್ರಾಣದಲ್ಲೇ ಕೂತುಬಿಡುತ್ತದೆ, ರಕ್ತ ತಯಾರಿಸುವ ಮಜ್ಜೆಗೆ ಸಿಗುವುದಿಲ್ಲ. ಪ್ಲೇಟ್‌ಲೆಟ್ 5.6 ಲಕ್ಷಕ್ಕೆ ಏರಿದ್ದು, ಉರಿಯೂತದ ಸುಳಿವು ಕೊಡುವ ಇಎಸ್‌ಆರ್ 96 ಆದದ್ದು, ಎಲ್ಲವೂ ಅದರದೇ ಕೈವಾಡ.

ನೀನು ದಾಟಿಹೋದ ಸಾಲು ಇಯೋಸಿನೊಫಿಲ್ ಎಂಬ ಒಂದು ಬಗೆಯ ಬಿಳಿರಕ್ತಕಣದ್ದು. 500ರೊಳಗೆ ಇರಬೇಕಾದದ್ದು 4,200 ಇತ್ತು. ಲ್ಯಾಬಿನಲ್ಲಿ 31 ವರ್ಷ ಕುಳಿತವನು ನಾನು. ಇದು ಹೆಚ್ಚಾದವರಿಗೆಲ್ಲ ‘ಹುಳುವಿನ ಮಾತ್ರೆ ತೆಗೆದುಕೊಳ್ಳಿ’ ಎಂದು ಹೇಳಿ ಕಳಿಸಿದ್ದೇನೆ. ಬಹಳ ಸಲ ಅದು ಸರಿಯೇ ಇರುತ್ತಿತ್ತು. ನಾನೂ ಎರಡು ಸಲ ನುಂಗಿದೆ. ಉಬ್ಬಸಕ್ಕೆ ಆಲೆಮನೆಯ ಹೊಗೆಯನ್ನು ದೂರಿದೆ. ಎಡಗಾಲಿನ ಚಪ್ಪಲಿ ಗೊತ್ತೇ ಆಗದಂತೆ ಕಳಚಿ, ಹಿಂದೆ ಬರುತ್ತಿದ್ದ ಹುಡುಗನೊಬ್ಬ ಎತ್ತಿಕೊಟ್ಟ ದಿನ ಮಾತ್ರ ಹೆದರಿದೆ. ನರಕ್ಕೆ ರಕ್ತ ಒಯ್ಯುವ ಕಿರುನಾಳಗಳೇ ಊದಿಕೊಂಡಿದ್ದವು. ವ್ಯಾಸ್ಕುಲೈಟಿಸ್ ಎಂದರೆ ಅದೇ. ಇಯೋಸಿನೊಫಿಲ್ ಏರುವ, ನನಗೆ ಬಂದಿರುವ ಬಗೆಯನ್ನು 1951ರಲ್ಲಿ ಚರ್ಗ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ವೈದ್ಯರು ವಿವರಿಸಿದ್ದರಂತೆ.

ಹಳೆಯ ಲ್ಯಾಬಿಗೆ ಹೋಗಿ ನನ್ನದೇ ರಕ್ತದ ಸ್ಲೈಡ್ ನೋಡಿದೆ. ಕನ್ನಡಕದ ಎರಡು ಗಾಜಿನಂತೆ ಕೋಶಕೇಂದ್ರ, ಸುತ್ತ ಕೇಸರಿಬಾತಿನ ರವೆಯಂತೆ ಕಿತ್ತಳೆ ಕಣಗಳು. ಎತ್ತ ಸರಿಸಿದರೂ ಇಯೋಸಿನೊಫಿಲ್‌ಗಳೇ. ಚಂದವಾಗಿದ್ದವು, ಸುಳ್ಳೇಕೆ ಹೇಳಲಿ.

ವ್ಯಾಸ್ಕುಲೈಟಿಸ್ ಹುಡುಕಲು ಮಾಡುವ ಆಂಕಾ ಎಂಬ ರಕ್ತಪರೀಕ್ಷೆ ನೆಗೆಟಿವ್ ಎಂದು ನೀನು ಸಂತೋಷಪಟ್ಟೆ. ಈ ಬಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ನೆಗೆಟಿವ್ ಆಗಿಯೇ ಬರುತ್ತದೆ. ಉಬ್ಬಸ, ಕಾಲು, ರಕ್ತ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ ಮೈಸೂರಿನ ಡಾಕ್ಟರು ರೋಗವನ್ನು ಹಿಡಿದರು.

ಸ್ಟೆರಾಯ್ಡ್ ಶುರುವಾದ ಮೇಲೆ ಇಯೋಸಿನೊಫಿಲ್ 60ಕ್ಕೆ ಕುಸಿದಿದೆ. ಒಟ್ಟು ಬಿಳಿರಕ್ತಕಣ ಇನ್ನೂ 14,000 ಇದೆ. ಸ್ಟೆರಾಯ್ಡೇ ಅದನ್ನು ಏರಿಸುತ್ತದೆ, ಗಾಬರಿಯಾಗಬೇಡ. ಸೋಮವಾರ ಸೈಕ್ಲೊಫಾಸ್ಫಮೈಡ್ ಎಂಬ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯ ಡ್ರಿಪ್ ಹಾಕಿದ್ದಾರೆ. ಅದರಿಂದ ಬಿಳಿಕಣಗಳು ಎರಡನೆಯ ವಾರದಲ್ಲಿ ತೀರಾ ಇಳಿಯುತ್ತವೆ, ಸೋಂಕು ಬೇಗ ತಗಲುತ್ತದೆ. ಆಗ ತೆಗೆಸುವ ವರದಿಯಲ್ಲಿ ಮೊದಲು ಆ ಸಾಲು ನೋಡು. ಮಗುವಿಗೆ ನೆಗಡಿಯಿದ್ದರೆ ಆ ವಾರ ಬರಬೇಡಿ.

ಅಂದ ಹಾಗೆ, ಸ್ಟೆರಾಯ್ಡ್‌ನಿಂದ ಸಕ್ಕರೆ 240ಕ್ಕೆ ಏರಿದೆ. ಖರ್ಜೂರವನ್ನು ಪಕ್ಕದ ಮನೆಯ ಮಕ್ಕಳು ಮುಗಿಸಿದರು. ಡಬ್ಬಿಗಳಲ್ಲಿ ಅಮ್ಮ ಹುರಿಗಡಲೆ ತುಂಬಿಟ್ಟಿದ್ದಾಳೆ.

ನಿನ್ನ
ಅಪ್ಪ